ದಾಸವಾಳದ ಮೊಗ್ಗು ಅರಳುವ ಮುಂಚೆಯೇ ಉದುರುತ್ತಿದೆ: ಹಾಸನ, ಚಿಕ್ಕಮಗಳೂರು ಕಡೆಯವರು ಏನು ಮಾಡುತ್ತೀರಿ?

ಹಾಸನ ತಾರಸಿ

ಎಲ್ಲರಿಗೂ ನಮಸ್ಕಾರ. ಹಾಸನ ಪೇಟೆಯೊಳಗೆ ನಮ್ಮ ಮನೆ. ಅಂಗಳ ಇಲ್ಲ, ಇರುವುದೆಲ್ಲ ತಾರಸಿಯೇ. ಕುಂಡದಲ್ಲಿ ಮೂರು ದಾಸವಾಳ ಇಟ್ಟಿದ್ದೇನೆ. ಒಂದು ನಾಟಿ ಕೆಂಪು, ಐದೆಸಳಿನದು. ಇನ್ನೊಂದು ಮುದ್ದೆ ದಾಸವಾಳ. ಮೂರನೆಯದು ನರ್ಸರಿಯಿಂದ ತಂದ ಹಳದಿ ಹೈಬ್ರಿಡ್, ಕಸಿ ಗಿಡ.

ಬಿಸಿಲು ಚೆನ್ನಾಗಿಯೇ ಬೀಳುತ್ತದೆ. ನೀರು ಬೋರ್‌ವೆಲ್‌ನದು. ಗೊಬ್ಬರದ ಅಂಗಡಿಯವರು ಹೇಳಿದಂತೆ ಡಿಎಪಿ ಹಾಕುತ್ತಿದ್ದೇನೆ. ಜೊತೆಗೆ ಮೊಟ್ಟೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ. ಮೊಗ್ಗು ಬೇಕಾದಷ್ಟು ಬರುತ್ತದೆ. ಆದರೆ ಕಡಲೆ ಕಾಳಿಗಿಂತ ಸ್ವಲ್ಪ ದಪ್ಪ ಆಗುವ ಹೊತ್ತಿಗೆ ತೊಟ್ಟು ಹಳದಿಯಾಗಿ, ಕೈ ತಾಗಿದರೆ ಸಾಕು, ಕಳಚಿಕೊಳ್ಳುತ್ತದೆ. ಮೇಲಿನ ಎಳೆ ಎಲೆಗಳೂ ಹಳದಿ, ನರ ಮಾತ್ರ ಹಸಿರು. ದಿನಾ ದೇವರಿಗೆ ಒಂದು ಹೂವು ಸಿಕ್ಕರೆ ಸಾಕು ಎಂದು ಬೆಳೆಸಿದ ಗಿಡ. ದಯವಿಟ್ಟು ದಾರಿ ಹೇಳಿ.

ಮೂಡಿಗೆರೆ ತೋಟದಮನೆ

ಒಲೆ ಬೂದಿ ಹಾಕಿ. ಒಂದು ಹಿಡಿ ಬೂದಿ, ಹಳೆಯ ಸಗಣಿ ಗೊಬ್ಬರ, ಅಷ್ಟೇ. ನಮ್ಮ ತೋಟದ ಮನೆಯ ಬೇಲಿಯೆಲ್ಲ ದಾಸವಾಳವೇ. ಯಾರೂ ಅದಕ್ಕೆ ಅಂತ ಏನೂ ಮಾಡುವುದಿಲ್ಲ, ವರ್ಷವಿಡೀ ಹೂವು.

ಅರಸೀಕೆರೆ ತೆಂಗು

ಮೂಡಿಗೆರೆಯವರ ಮಾತು ಮೂಡಿಗೆರೆಗೆ ಸರಿ. ಆದರೆ ಹಾಸನದ ಅಕ್ಕ, ದಯವಿಟ್ಟು ಬೂದಿ ಹಾಕಬೇಡಿ.

ಯಾಕೆ ಅಂತ ಹೇಳುತ್ತೇನೆ. ಮಲೆನಾಡಿನ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾಗಿರುತ್ತದೆ. ಅದಕ್ಕೇ ಅಲ್ವಾ ಕಾಫಿ ತೋಟಗಳಿಗೆ ಸುಣ್ಣ ಹಾಕುವುದು? ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶವೂ ಇದೆ. ಹುಳಿ ಮಣ್ಣಿಗೆ ಎರಡೂ ಬೇಕು, ಹಾಗಾಗಿ ಅಲ್ಲಿ ಗಿಡ ನಗುತ್ತದೆ. ನಮ್ಮ ಬಯಲುಸೀಮೆ ಕಡೆ ಕಥೆ ಉಲ್ಟಾ. ಬೋರ್‌ವೆಲ್ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ತಳಕ್ಕೆ ಬಿಳಿ ಪದರ ಕಟ್ಟುತ್ತದೆ. ಅದೇ ನೀರನ್ನು ಕುಂಡಕ್ಕೆ ವರ್ಷಗಟ್ಟಲೆ ಹಾಕಿದರೆ ಮಣ್ಣೂ ಸುಣ್ಣವಾಗುತ್ತಾ ಬರುತ್ತದೆ. ಕುಂಡದ ಅಂಚು ನೋಡಿ, ಬಿಳಿ ಗೆರೆ ಕಂಡರೆ ನಾನು ಹೇಳಿದ್ದು ಸರಿ ಅಂತ ಲೆಕ್ಕ.

ದಾಸವಾಳಕ್ಕೆ ಸ್ವಲ್ಪ ಹುಳಿ ಮಣ್ಣು ಹಿತ. ಮಣ್ಣಿನ ಹುಳಿ ಅಳೆಯುವ ಪಿಎಚ್ 6ರಿಂದ 7ರ ಒಳಗಿದ್ದರೆ ಚೆನ್ನ, ಅಂಕಿ ಏರಿದಷ್ಟೂ ಹುಳಿ ಕಡಿಮೆ ಅಂತ ಲೆಕ್ಕ. ಅದು ಏರಿತೆಂದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರು ಎಳೆದುಕೊಳ್ಳಲಾರದು. ಎಳೆ ಎಲೆ ಹಳದಿ, ನರ ಹಸಿರು ಅಂದಿರಲ್ಲ, ಅದು ಕಬ್ಬಿಣದ ಕೊರತೆಯ ಗುರುತು. ಹಳದಿ ಕೆಳಗಿನ ಹಳೆಯ ಎಲೆಗಳಲ್ಲಿ ನರಗಳ ನಡುವೆ ಶುರುವಾದರೆ ಅದು ಮೆಗ್ನೀಷಿಯಂ ಕೊರತೆ. ಎರಡನ್ನೂ ಒಂದೇ ಅಂದುಕೊಂಡು ಮದ್ದು ಮಾಡುವವರು ಜಾಸ್ತಿ.

ಮೊದಲು ಮೊಟ್ಟೆ ಸಿಪ್ಪೆ ನಿಲ್ಲಿಸಿ, ಅದೂ ಸುಣ್ಣವೇ. ಮಳೆ ನೀರು ಹಿಡಿದಿಟ್ಟು ದಾಸವಾಳಕ್ಕೆ ಅಂತಲೇ ಎತ್ತಿಡಿ. ಸದ್ಯಕ್ಕೆ ಲೀಟರ್ ನೀರಿಗೆ 2 ಗ್ರಾಂ ಫೆರಸ್ ಸಲ್ಫೇಟ್, ಒಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹೊಸದಾಗಿ ಬರುವ ಎಲೆಗಳಲ್ಲಿ ಬಣ್ಣ ತಿರುಗುತ್ತದೆ.

ಮೂಡಿಗೆರೆ ತೋಟದಮನೆ

ಸರಿ, ಒಪ್ಪಿದೆ. ನಮ್ಮಲ್ಲಿ ಬಾವಿ ನೀರು, ಬೇಳೆ ಬೇಗ ಬೇಯುತ್ತದೆ. ಗಡಸು ನೀರಿನ ಕಷ್ಟ ನಮಗೆ ಗೊತ್ತಿಲ್ಲ.

ಗಿರಿ ಬುಡದ ಹೂದೋಟ

ಚಿಕ್ಕಮಗಳೂರಿಂದ ಬರೆಯುತ್ತಿದ್ದೇನೆ. ಎಲೆಯ ವಿಷಯ ಅರಸೀಕೆರೆಯವರು ಹೇಳಿದ್ದು ಅಕ್ಷರಶಃ ಸರಿ. ಆದರೆ ಮೊಗ್ಗು ಉದುರುವುದಕ್ಕೆ ಅದೊಂದೇ ಕಾರಣ ಇರಲಾರದು. ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಉದುರುವ ಹಂತದಲ್ಲಿರುವ ಮೊಗ್ಗು ಕಿತ್ತು, ಬಿಳಿ ಹಾಳೆಯ ಮೇಲೆ ಹಿಡಿದು ಬೆರಳಿನಿಂದ ತಟ್ಟಿ. ಆಮೇಲೆ ಉಗುರಿನಿಂದ ಉದ್ದಕ್ಕೆ ಸೀಳಿ, ಒಳಗಿನ ಎಸಳುಗಳನ್ನು ಬಿಡಿಸಿ ನೋಡಿ. ಹಾಳೆಯ ಮೇಲೆ ಕೂದಲೆಳೆಯಷ್ಟು ಸಣ್ಣ, ಕಂದು ಅಥವಾ ತಿಳಿ ಹಳದಿ ಗೀರುಗಳು ಓಡಾಡಿದರೆ ಅದು ಥ್ರಿಪ್ಸ್. ನಮ್ಮ ಕಡೆ ನುಸಿ ಅಂತಾರೆ. ಎಸಳಿನ ಅಂಚು ಸುಟ್ಟ ಹಾಗೆ ಕಂದಾಗಿರುತ್ತದೆ. ಸೀಳಿದ ಮೊಗ್ಗಿನೊಳಗೆ ಬಿಳಿ ಪುಟ್ಟ ಹುಳ ಇದ್ದರೆ ಅದು ಬೇರೆ, ಮೊಗ್ಗು ಕೊರೆಯುವ ನೊಣದ ಮರಿ. ಏನೂ ಇಲ್ಲದೆ ಒಳಗೆಲ್ಲ ಸ್ವಚ್ಛವಾಗಿದ್ದರೆ ಆಗ ನೀರು, ಗೊಬ್ಬರ, ಬಿಸಿಲಿನ ಕಡೆ ನೋಡಬೇಕು. ಒಂದು ದಿನ ಕುಂಡ ಪೂರ್ತಿ ಒಣಗಿ ಮರುದಿನ ಕೊಡ ಸುರಿದರೂ ಮೊಗ್ಗು ಕಳಚುತ್ತದೆ. ತಾರಸಿ ಕುಂಡಗಳಲ್ಲಿ ಬೇಸಿಗೆಯಲ್ಲಿ ಇದು ಮಾಮೂಲು.

ಇನ್ನು ಡಿಎಪಿ. ಅದರಲ್ಲಿ ಸಾರಜನಕ ಶೇಕಡಾ 18, ರಂಜಕ ಶೇಕಡಾ 46. ರಂಜಕ ಹೂವಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೇ ಅಂಗಡಿಯವರೂ ಕೊಡುತ್ತಾರೆ. ದಾಸವಾಳದ ಸ್ವಭಾವ ಅದಲ್ಲ. ಅದಕ್ಕೆ ಪೊಟ್ಯಾಷ್ ಜಾಸ್ತಿ ಬೇಕು, ಸಾರಜನಕ ಹದವಾಗಿ, ರಂಜಕ ಸ್ವಲ್ಪವೇ ಸಾಕು. ರಂಜಕ ಕುಂಡದಲ್ಲಿ ಶೇಖರವಾದರೆ ಕಬ್ಬಿಣ, ಸತುವನ್ನು ಗಿಡಕ್ಕೆ ಸಿಗದಂತೆ ಹಿಡಿದಿಡುತ್ತದೆ. ಗಡಸು ನೀರು ಒಂದು ಕಡೆ, ಡಿಎಪಿ ಇನ್ನೊಂದು ಕಡೆ, ಪಾಪ ಗಿಡಕ್ಕೆ ಕಬ್ಬಿಣ ಸಿಗುವುದು ಹೇಗೆ?

ಡಿಎಪಿ ಬಿಟ್ಟು 13:0:45 ತನ್ನಿ, ಪೊಟ್ಯಾಷಿಯಂ ನೈಟ್ರೇಟ್. ಲೀಟರಿಗೆ 2 ಗ್ರಾಂ, ಹದಿನೈದು ದಿನಕ್ಕೊಮ್ಮೆ, ಮಣ್ಣು ಒದ್ದೆ ಇದ್ದಾಗ. ಸಾವಯವವೇ ಬೇಕು ಅಂದರೆ ಎರೆಗೊಬ್ಬರ ಹಾಕಿ. ಬಾಳೆ ಸಿಪ್ಪೆಯನ್ನು ಹಸಿಯಾಗಿ ಕುಂಡಕ್ಕೆ ತುರುಕಬೇಡಿ. ಕೊಳೆತು ನೊಣ, ಇರುವೆ ಬರುತ್ತವೆ, ಗಿಡಕ್ಕೆ ಸಿಗುವುದು ಅತ್ಯಲ್ಪ. ಕಾಂಪೋಸ್ಟ್‌ಗೆ ಹಾಕಿ.

ಹಾಸನ ತಾರಸಿ

ಹಾಳೆಯ ಮೇಲೆ ತಟ್ಟಿ ನೋಡಿದೆ. ನೀವು ಹೇಳಿದ ಹಾಗೇ ಕಂದು ಗೀರುಗಳು, ಸರಸರ ಓಡಿದವು. ಮುದ್ದೆ ದಾಸವಾಳದಲ್ಲಿ ಅತಿ ಜಾಸ್ತಿ, ನಾಟಿ ಕೆಂಪಿನಲ್ಲಿ ಕಡಿಮೆ. ಕುಂಡದ ಅಂಚಿನಲ್ಲಿ ಬಿಳಿ ಗೆರೆಯೂ ಇದೆ. ಇನ್ನೊಂದು ವಿಷಯ: ಹೈಬ್ರಿಡ್ ಗಿಡದ ಕವಲುಗಳಲ್ಲಿ ಹತ್ತಿಯ ಹಾಗೆ ಬಿಳಿ ಬಿಳಿ ಅಂಟಿಕೊಂಡಿದೆ, ಇರುವೆಗಳೂ ಇವೆ. ಇದಕ್ಕೆಲ್ಲ ವಿಷ ಹೊಡೆಯಲು ನನಗೆ ಮನಸ್ಸಿಲ್ಲ. ಹೂವು ದೇವರಿಗೆ, ಸೊಪ್ಪು ಮಕ್ಕಳ ತಲೆಗೆ.

ಗಿರಿ ಬುಡದ ಹೂದೋಟ

ವಿಷ ಬೇಡವೇ ಬೇಡ. ಮುದ್ದೆ ಹೂವಿನ ಎಸಳು ಒತ್ತೊತ್ತಾಗಿರುತ್ತದೆ, ನುಸಿಗೆ ಅಡಗಲು ಜಾಗ, ಅದಕ್ಕೇ ಅಲ್ಲಿ ಜಾಸ್ತಿ. ಉದುರಿದ ಮೊಗ್ಗನ್ನು ಕುಂಡದಲ್ಲಿ ಬಿಡಬೇಡಿ. ದಿನಾ ಆರಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ ಬಿಸಿಲಿಗೆ ಇಡಿ. ಬೆಳಿಗ್ಗೆ ನೀರು ಹಾಕುವಾಗ ಮೊಗ್ಗುಗಳ ಮೇಲೂ ಎಲೆಯ ಅಡಿಗೂ ಜೋರಾಗಿ ನೀರು ಹಾಯಿಸಿ. ವಾರಕ್ಕೊಮ್ಮೆ ಬೇವಿನ ಎಣ್ಣೆ, ಲೀಟರಿಗೆ 5 ಮಿಲಿ, ಬೆರೆಯಲು ಸ್ವಲ್ಪ ಸೋಪಿನ ನೀರು. ಸೂರ್ಯ ಇಳಿದ ಮೇಲೆ ಸಿಂಪಡಿಸಿ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ನೀಲಿ ಬಣ್ಣದ ಅಂಟು ಹಾಳೆ ಸಿಗುತ್ತದೆ, ಒಂದೆರಡು ತೂಗುಹಾಕಿ. ನುಸಿಗೆ ನೀಲಿ ಎಂದರೆ ಸೆಳೆತ.

ಬಿಳಿ ಹತ್ತಿಯ ವಿಷಯ ಬಾಳೆಹೊನ್ನೂರಿನವರು ಹೇಳಲಿ. ಅವರಿಗೆ ಕಾಫಿಯಲ್ಲೇ ಅದರ ಕಾಟ.

ಬಾಳೆಹೊನ್ನೂರು ಕಾಫಿ

ಅದು ಹಿಟ್ಟು ತಿಗಣೆ. ಕಾಫಿಗೂ ಬರುತ್ತದೆ, ದಾಸವಾಳಕ್ಕೂ ಬರುತ್ತದೆ, ದಾಸವಾಳದ ನೆಂಟನಾದ ಬೆಂಡೆಗೂ ಬರುತ್ತದೆ. ತಾರಸಿಯಲ್ಲಿ ಬೆಂಡೆ ಹಾಕಿದ್ದರೆ ದಾಸವಾಳದಿಂದ ದೂರ ಇಡಿ.

ಇರುವೆಯಿಂದ ಶುರು ಮಾಡಿ. ತಿಗಣೆ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಇರುವೆ ಅದನ್ನು ತಿನ್ನಲು ಬರುತ್ತದೆ, ತಿಗಣೆಯನ್ನು ಶತ್ರುಗಳಿಂದ ಕಾಯುತ್ತದೆ, ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೂ ಒಯ್ಯುತ್ತದೆ. ಇರುವೆ ಇದ್ದಷ್ಟು ದಿನ ನೀವು ಏನು ಹೊಡೆದರೂ ತಿಗಣೆ ವಾಪಸ್. ಕುಂಡವನ್ನು ಗೋಡೆಯಿಂದ ದೂರ ಸರಿಸಿ, ನೀರು ತುಂಬಿದ ಅಗಲದ ತಟ್ಟೆಯಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಕುಂಡ ಕೂರಿಸಿ. ಕುಂಡದ ತಳಕ್ಕೆ ನೀರು ತಾಗಬಾರದು. ತಟ್ಟೆ ನೀರು ಎರಡು ದಿನಕ್ಕೊಮ್ಮೆ ಚೆಲ್ಲಿ, ಇಲ್ಲದಿದ್ದರೆ ಸೊಳ್ಳೆ. ಬಿಳಿ ಕಂಡಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸೋಪಿನ ನೀರು ಹಾಕಿ ಉಜ್ಜಿ. ಕವಲಿನ ಸಂದಿ, ಎಲೆ ತೊಟ್ಟಿನ ಬುಡ, ಮೊಗ್ಗಿನ ಕೆಳಗಿನ ಹಸಿರು ಪುಷ್ಪಪಾತ್ರೆ, ಈ ಜಾಗಗಳನ್ನು ಬಿಡಬೇಡಿ. ತುದಿ ಮುರುಟಿಕೊಂಡು ಗಂಟಾಗಿದ್ದರೆ ಉಜ್ಜುತ್ತಾ ಕೂರಬೇಡಿ, ಆ ತುದಿಯನ್ನೇ ಕತ್ತರಿಸಿ ಸುಟ್ಟುಬಿಡಿ.

ಒಂದು ಮಾತು ಮಾತ್ರ ಗಮನವಿಟ್ಟು ಕೇಳಿ. ಉಜ್ಜುವ ಮುಂಚೆ ಚೆನ್ನಾಗಿ ನೋಡಿ. ತಿಗಣೆಗಳ ನಡುವೆ ಅದೇ ತರ ಬಿಳಿ ಮೇಣದ ಎಳೆ ಹೊದ್ದ, ಆದರೆ ಗಾತ್ರದಲ್ಲಿ ದೊಡ್ಡ, ಚುರುಕಾಗಿ ಓಡಾಡುವ ಹುಳು ಕಂಡರೆ ಕೊಲ್ಲಬೇಡಿ. ಅದು ತಿಗಣೆ ತಿನ್ನುವ ಗುಲಗಂಜಿ ಹುಳುವಿನ ಮರಿ, ಕ್ರಿಪ್ಟೊಲೀಮಸ್. ಬೆಳೆದ ಮೇಲೆ ಕಪ್ಪು ರೆಕ್ಕೆ, ಕಿತ್ತಳೆ ತಲೆ. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟ ತಿನ್ನಲಿ ಎಂದು ಆಸ್ಟ್ರೇಲಿಯಾದಿಂದ ಇದನ್ನು ತಂದರು. ಅದು ನಮ್ಮಲ್ಲಿ ನೆಲೆ ನಿಂತಿದ್ದು ಮಾತ್ರ ಹಿಟ್ಟು ತಿಗಣೆಯ ಮೇಲೆ. ನಮ್ಮೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ತೋಟಗಳಿಗೆ ಈ ಹುಳು ಬಿಡುವುದನ್ನು ಬೆಳೆಗಾರರು ಕಲಿತದ್ದು ಇಂಥ ಕೇಂದ್ರಗಳಿಂದಲೇ. ಕಾಫಿ ತೋಟದ ಪಕ್ಕ ಮನೆ ಇರುವವರ ದಾಸವಾಳಕ್ಕೆ ಇದು ತಾನಾಗಿ ಬಂದು ಸೇರುತ್ತದೆ. ವಿಷ ಹೊಡೆದರೆ ಮೊದಲು ಸಾಯುವುದು ಇದೇ.

ಸಕಲೇಶಪುರ ಮಳೆ

ನಮ್ಮ ಸಮಸ್ಯೆ ಇದ್ಯಾವುದೂ ಅಲ್ಲ. ನುಸಿ ಇಲ್ಲ, ತಿಗಣೆ ಕಡಿಮೆ. ಆದರೆ ಪುನರ್ವಸು, ಪುಷ್ಯ ಮಳೆ ಬಂದರೆ ಎಲೆಯೆಲ್ಲ ಉದುರಿ ಗಿಡ ಬೋಳು. ಕೆಲವು ಗಿಡದ ಬುಡವೇ ಕಪ್ಪಾಗಿ ಮೆತ್ತಗಾಗುತ್ತದೆ. ನಾಟಿ ಗಿಡ ಹೇಗೋ ಬದುಕುತ್ತದೆ, ಹೈಬ್ರಿಡ್ ಹೋಗೇಬಿಡುತ್ತದೆ.

ಗಿರಿ ಬುಡದ ಹೂದೋಟ

ವರ್ಷಕ್ಕೆ 2000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಿಮ್ಮದು. ಹೈಬ್ರಿಡ್‌ಗಳ ಬೇರು ನಾಟಿಯಷ್ಟು ಗಟ್ಟಿ ಅಲ್ಲ. ಅವಕ್ಕೆ ಮಳೆಗಾಲದಲ್ಲಿ ಸೂರಿನಡಿಯ ಬೆಳಕಿರುವ ಜಾಗವೇ ಸರಿ. ಕುಂಡದ ಮಣ್ಣು ಮಿಶ್ರಣದಲ್ಲಿ ಮೂರರಲ್ಲಿ ಒಂದು ಪಾಲು ದಪ್ಪ ಮರಳು ಇರಲಿ, ತಳದ ತೂತು ದೊಡ್ಡದಿರಲಿ, ಎರಡು ಇಟ್ಟಿಗೆ ಮೇಲೆ ಎತ್ತಿಡಿ. ನೆಲದಲ್ಲಿ ನೆಡುವವರು ಗುಂಡಿ ತೋಡಿ ತಗ್ಗಿನಲ್ಲಿ ನೆಡಬೇಡಿ. ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ. ಆ ತಿಂಗಳುಗಳಲ್ಲಿ ಗೊಬ್ಬರ ಬೇಡ. ಹಾಕಿದ್ದೆಲ್ಲ ಹೊಳೆಗೆ ಹೋಗುತ್ತದೆ.

ಕಾಫಿ ಹಣ್ಣಿನ ಸಿಪ್ಪೆ ನಿಮ್ಮಲ್ಲಿ ಬೇಕಾದಷ್ಟು ಇರುತ್ತದೆ. ಹಸಿದನ್ನು ಬುಡಕ್ಕೆ ಹಾಕಬೇಡಿ, ಚೆನ್ನಾಗಿ ಕೊಳೆತು ಕಪ್ಪಾಗಿ ಮಣ್ಣಿನ ವಾಸನೆ ಬಂದ ಮೇಲೆ ಹಾಕಿ.

ಬೇಲೂರು ಹಿತ್ತಲು

ಯಾರೂ ಕತ್ತರಿಸುವ ವಿಷಯ ಎತ್ತಲೇ ಇಲ್ಲ. ನಮ್ಮ ಮನೆಯಲ್ಲಿ ಅದೇ ಜಗಳ. ಹೂ ಬಿಡುವ ಗಿಡಕ್ಕೆ ಕತ್ತರಿ ಇಡಬಾರದು ಅಂತ ನಮ್ಮಮ್ಮ. ಗಿಡ ಈಗ ಮಾಡಿನೆತ್ತರ ಬೆಳೆದಿದೆ, ತುದಿಯಲ್ಲಿ ನಾಲ್ಕು ಹೂವು, ಕೈಗೆಟುಕುವುದಿಲ್ಲ.

ಅರಸೀಕೆರೆ ತೆಂಗು

ಅಮ್ಮನಿಗೆ ಗಿಡವನ್ನೇ ತೋರಿಸಿ. ಹೂವು ಬಂದಿರುವುದು ಎಲ್ಲಿ? ಹೊಸ ಚಿಗುರಿನಲ್ಲಿ. ಹಳೆಯ ಕಂದು ಕೊಂಬೆಯಲ್ಲಿ ಒಂದು ಮೊಗ್ಗೂ ಇರುವುದಿಲ್ಲ. ಚಿಗುರು ಜಾಸ್ತಿ ಆದಷ್ಟು ಹೂವು ಜಾಸ್ತಿ. ಒಂದು ಕೊಂಬೆ ಕತ್ತರಿಸಿದರೆ ಅದರ ಕೆಳಗಿಂದ ಎರಡು ಮೂರು ಚಿಗುರು ಬರುತ್ತವೆ.

ಗಿರಿ ಬುಡದ ಹೂದೋಟ

ಅದಕ್ಕೆ ಸಮಯ ಸೇರಿಸುತ್ತೇನೆ, ಯಾಕೆಂದರೆ ನಮ್ಮ ಕಡೆ ಸಮಯವೇ ಮುಖ್ಯ. ಜಡಿಮಳೆಯಲ್ಲಿ ಕತ್ತರಿಸಿದರೆ ಕತ್ತರಿಸಿದ ಜಾಗದಿಂದ ಕೊಳೆತ ಇಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಕತ್ತರಿಸಿದರೆ ಚಳಿಗೆ ಚಿಗುರೇ ಬರುವುದಿಲ್ಲ. ಚಿಕ್ಕಮಗಳೂರು 1,000 ಮೀಟರಿಗೂ ಎತ್ತರದಲ್ಲಿದೆ, ಬೆಂಗಳೂರಿನ ಲೆಕ್ಕ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಮಳೆ ಕಡಿಮೆಯಾಗಿ ಬಿಸಿಲು ಇಣುಕುವ ಹುಬ್ಬೆ ಮಳೆ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರಗಳಲ್ಲಿ, ಮೂರನೇ ಒಂದು ಭಾಗ ಇಳಿಸಿ. ಹೊರಮುಖವಾಗಿ ಚಿಗುರೊಡೆಯುವ ಕಣ್ಣಿನ ಸ್ವಲ್ಪ ಮೇಲೆ, ಓರೆಯಾಗಿ ಕತ್ತರಿಸಿ. ಹಾಸನಾಂಬೆಯ ಬಾಗಿಲು ತೆಗೆಯುವ ದಿನಗಳು, ದೀಪಾವಳಿ ಬರುವಷ್ಟರಲ್ಲಿ ಚಿಗುರು ಬಲಿತು ಮೊಗ್ಗು ಕಟ್ಟುತ್ತದೆ. ಮತ್ತೊಮ್ಮೆ ಫೆಬ್ರವರಿ ಕೊನೆಗೆ ಹಗುರವಾಗಿ. ಆಗ ಹೂಮಳೆಗೆ ಕಾಫಿ ಅರಳುವ ಕಾಲಕ್ಕೆ ದಾಸವಾಳವೂ ಚಿಗುರಿರುತ್ತದೆ.

ಅಮ್ಮನ ಮನಸ್ಸಿಗೂ ನೋವಾಗಬಾರದು. ಎಲ್ಲ ಕೊಂಬೆ ಒಟ್ಟಿಗೆ ಬೇಡ. ಈ ತಿಂಗಳು ಅರ್ಧ, ಮುಂದಿನ ತಿಂಗಳು ಅರ್ಧ. ಪೂಜೆಗೆ ಹೂವು ತಪ್ಪುವುದಿಲ್ಲ.

ಬೇಲೂರು ಹಿತ್ತಲು

ಅರ್ಧ ಅರ್ಧ ಅಂದಾಗ ಅಮ್ಮ ಒಪ್ಪಿದರು. ಉಪಕಾರ ಆಯಿತು.

ಮೂಡಿಗೆರೆ ತೋಟದಮನೆ

ಕೋತಿಗೆ ಯಾರ ಬಳಿಯಾದರೂ ಉಪಾಯ ಇದೆಯಾ? ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಸಂಜೆ ಆರಿಸಿ ಆರಿಸಿ ತಿನ್ನುತ್ತವೆ.

ಸಕಲೇಶಪುರ ಮಳೆ

ಬಲೆ ಬಿಟ್ಟು ಬೇರೆ ಯಾವುದೂ ನಿಲ್ಲುವುದಿಲ್ಲ. ನಾವು ಪೂಜೆಗೆ ಬೇಕಾದ ಮೊಗ್ಗನ್ನು ಹಿಂದಿನ ಸಂಜೆಯೇ ತೊಟ್ಟಿನ ಸಮೇತ ಬಿಡಿಸಿ ಒಳಗೆ ಇಡುತ್ತೇವೆ. ಪೂರ್ತಿ ಬಲಿತು ತುದಿಯಲ್ಲಿ ಬಣ್ಣ ಚಾಚಿರುವ ಮೊಗ್ಗಾದರೆ ಬೆಳಿಗ್ಗೆ ಒಳಗೇ ಅರಳುತ್ತದೆ, ನೀರಲ್ಲೂ ಇಡಬೇಕಿಲ್ಲ.

ಹಾಸನ ತಾರಸಿ

ಮೃಗಶಿರಾ ಮಳೆ ಶುರುವಾಗಿದೆ, ಅದಕ್ಕೇ ಮತ್ತೆ ಬಂದೆ. ನೀವೆಲ್ಲ ಹೇಳಿದ ಹಾಗೆ ಡಿಎಪಿ, ಮೊಟ್ಟೆ ಸಿಪ್ಪೆ ನಿಲ್ಲಿಸಿದೆ. ಸಜ್ಜೆಯಿಂದ ಬೀಳುವ ಮಳೆ ನೀರು ಡ್ರಮ್ಮಿಗೆ ಹಿಡಿಯುತ್ತಿದ್ದೇನೆ. ನಾಟಿ ಕೆಂಪು ಈಗ ದಿನಾ ಅರಳುತ್ತಿದೆ. ಹೊಸ ಎಲೆಗಳು ಕಡುಹಸಿರು, ಹಳೆಯ ಹಳದಿ ಎಲೆ ಹಾಗೇ ಇವೆ. ಮುದ್ದೆಯಲ್ಲಿ ಇನ್ನೂ ಅಷ್ಟಿಷ್ಟು ಉದುರುತ್ತದೆ.

ಎರಡು ಪ್ರಶ್ನೆ. ಕೆಂಪು ದಾಸವಾಳದ ಕಡ್ಡಿ ಅಕ್ಕಪಕ್ಕದವರು ಕೇಳುತ್ತಿದ್ದಾರೆ, ಈಗ ನೆಡಬಹುದಾ? ಹಳದಿ ಹೈಬ್ರಿಡ್ ಕಡ್ಡಿಯೂ ಬರುತ್ತದಾ? ಇನ್ನೊಂದು, ಹೈಬ್ರಿಡ್‌ನ ಬುಡದಿಂದ ಒಂದು ಚಿಗುರು ಭರದಿಂದ ಮೇಲೇಳುತ್ತಿದೆ. ಅದರ ಎಲೆ ಸ್ವಲ್ಪ ಸಣ್ಣ, ಉಳಿದದ್ದಕ್ಕಿಂತ ಬೇರೆ ತರ ಇದೆ.

ಅರಸೀಕೆರೆ ತೆಂಗು

ಹಳೆಯ ಹಳದಿ ಎಲೆ ಮತ್ತೆ ಹಸಿರಾಗುವುದು ಕಡಿಮೆ, ಅದರ ಚಿಂತೆ ಬಿಡಿ. ಹೊಸ ಎಲೆಯೇ ಲೆಕ್ಕ. ಡ್ರಮ್ಮಿಗೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ. ಮುಂದಿನ ಬೇಸಿಗೆಗೆ ಮುಂಚೆ ಕುಂಡದ ಮಣ್ಣನ್ನು ಪರೀಕ್ಷೆ ಮಾಡಿಸಿ. ಹಾಸನದವರಿಗೆ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯಲ್ಲಿ. ಪಿಎಚ್ ಎಷ್ಟು ಅಂತ ತಿಳಿದ ಮೇಲೆ ಬೂದಿಯೋ, ಸುಣ್ಣವೋ, ಗಂಧಕವೋ ನಿಮಗೇ ಗೊತ್ತಾಗುತ್ತದೆ.

ಗಿರಿ ಬುಡದ ಹೂದೋಟ

ಕಡ್ಡಿಗೆ ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ. ತೀರಾ ಎಳೆ ಹಸಿರು ತುದಿ ಬೇಡ, ಪೂರ್ತಿ ಮರವಾದ ಕೊಂಬೆಯೂ ಬೇಡ. ಪೆನ್ಸಿಲ್ ದಪ್ಪ, ಹಸಿರು ಕಂದಿಗೆ ತಿರುಗುತ್ತಿರುವ ಕಡ್ಡಿ, ಒಂದು ಗೇಣು ಉದ್ದ. ಕೆಳಗಡೆ ಗಿಣ್ಣಿನ ಕೆಳಗೇ ಕತ್ತರಿಸಿ, ಬೇರು ಒಡೆಯುವುದು ಅಲ್ಲಿಂದ. ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ಕಿತ್ತುಹಾಕಿ, ಆ ಎರಡನ್ನೂ ಅರ್ಧ ಕತ್ತರಿಸಿ. ಮೊಗ್ಗಿದ್ದರೆ ತೆಗೆಯಿರಿ. ಅರ್ಧ ಮರಳು, ಅರ್ಧ ತೆಂಗಿನ ನಾರಿನ ಪುಡಿ, ನೆರಳು, ತೇವ. ಗೊಬ್ಬರ ಬೇಡ. ನಾಲ್ಕರಿಂದ ಆರು ವಾರಕ್ಕೆ ಬೇರು ಬರುತ್ತದೆ. ನಡುವೆ ಚಿಗುರು ಕಂಡಿತು ಅಂತ ಎಳೆದು ನೋಡಬೇಡಿ. ಕಡ್ಡಿಯಲ್ಲಿದ್ದ ಶಕ್ತಿಗೆ ಬೇರಿಲ್ಲದೆಯೂ ಚಿಗುರು ಬರುತ್ತದೆ.

ಹಳದಿ ಹೈಬ್ರಿಡ್ ಕಡ್ಡಿ ಕೆಲವು ಬರುತ್ತವೆ, ಆದರೆ ಸ್ವಂತ ಬೇರಿನಲ್ಲಿ ಸೊರಗುತ್ತವೆ. ಅದಕ್ಕೇ ಗಟ್ಟಿ ಬೇರಿನ ಗಿಡದ ಮೇಲೆ ಕಸಿ ಮಾಡುವುದು. ಈಗ ನೆಟ್ಟ ಕೆಂಪು ಕಡ್ಡಿಗಳಲ್ಲಿ ಒಂದೆರಡನ್ನು ನೀವೇ ಇಟ್ಟುಕೊಳ್ಳಿ. ಮುಂದಿನ ವರ್ಷ ಅವುಗಳ ಮೇಲೆ ಹಳದಿ ಕಸಿ ಕಟ್ಟಬಹುದು, ಆಗ ಹೇಗೆಂದು ಹೇಳಿಕೊಡುತ್ತೇನೆ.

ಬುಡದ ಆ ಚಿಗುರು ಕಸಿಯ ಕೆಳಗಿಂದ ಬಂದಿದ್ದು, ಬೇರುಗಿಡದ್ದು. ಬಿಟ್ಟರೆ ಊಟವನ್ನೆಲ್ಲ ಅದೇ ತಿಂದು ಹಳದಿಯನ್ನು ಒಣಗಿಸುತ್ತದೆ. ಕಾಂಡದಲ್ಲಿ ಕಸಿ ಗಂಟು ಉಬ್ಬಿರುವುದು ಕೈಗೆ ಸಿಗುತ್ತದೆ. ಅದರ ಕೆಳಗೆ ಏನೇ ಚಿಗುರಿದರೂ ಎಳೆಯದಾಗಿರುವಾಗಲೇ ಬುಡಸಮೇತ ಕಿತ್ತುಬಿಡಿ, ಕತ್ತರಿಸಿದರೆ ಅಲ್ಲಿಂದಲೇ ಮತ್ತೆ ಬರುತ್ತದೆ.

ಹಾಸನ ತಾರಸಿ

ಗಂಟು ಸಿಕ್ಕಿತು. ಚಿಗುರು ಅದರ ಕೆಳಗೇ ಇತ್ತು, ಕಿತ್ತೆ. ಕೆಂಪು ಕಡ್ಡಿಗಳನ್ನು ಇವತ್ತೇ ಮರಳಿಗೆ ಇಡುತ್ತೇನೆ. ಬೇಲೂರಿನವರಿಗೂ ಬೇಕಾದರೆ ಹೇಳಿ, ನಿಮಗೆ ಅಂತ ನಾಲ್ಕು ಜಾಸ್ತಿ ನೆಡುತ್ತೇನೆ.